ಬೆಣಚುಕಲ್ಲಿಗೆ ಒಂದು ಕೂಜ ನೀರು

ಡಾಕ್ಟ್ರಮ್ಮನ ಎಡ ಅಂಗೈಯಲ್ಲಿ, ಬೆರಳುಗಳ ಬುಡಕ್ಕೆ ಅಡ್ಡಲಾಗಿ, ಜಡ್ಡುಗಟ್ಟಿದ ಒಂದು ಗೆರೆಯಿತ್ತು. ಕಣಿ ಹೇಳುವವರು ನೋಡುವ ಗೆರೆಯಲ್ಲ. ತಿರುಪಿನ ಮುಚ್ಚಳದ ಹಿತ್ತಾಳೆ ಕೂಜವೊಂದನ್ನು ಹೋದಲ್ಲಿಗೆಲ್ಲ ಹೊತ್ತು, ಅದರ ಹಿಡಿ ಒತ್ತಿ ಒತ್ತಿ ಬಿದ್ದ ಗೆರೆ. ಬಲಗೈಯಲ್ಲಿ ಚರ್ಮದ ಚೀಲ, ಎಡಗೈಯಲ್ಲಿ ಕೂಜ. ಮುಚ್ಚಳದ ತಿರುಪು ಸವೆದಿದ್ದರಿಂದ ನಡೆಯುವಾಗ ತುಳುಕಿ ಸೀರೆಯ ಎಡಮಗ್ಗುಲು ಯಾವಾಗಲೂ ಒಂದಿಷ್ಟು ಒದ್ದೆಯಾಗಿರುತ್ತಿತ್ತು. ಅರಕಲಗೂಡಿನ ಸಂತೆಯಲ್ಲಿ ಅವರು ಕಂಡರೆ ಪಡ್ಡೆ ಹುಡುಗರು, "ನೀರ್ ಡಾಕ್ಟ್ರಮ್ಮ ಬಂದ್ರು ಕಣ್ರಲಾ, ಓಡ್ರಲಾ, ಇಡ್ದು ಕುಡಿಸ್ಬುಡ್ತಾರೆ" ಎಂದು ಗೇಲಿ ಮಾಡುತ್ತಿದ್ದರು. ಅವರಿಗೆ ಕೇಳಿಸುತ್ತಿತ್ತು. ಕೇಳಿಸದವರ ಹಾಗೆ ಹೋಗುವ ಜಾಯಮಾನ ಅವರದಲ್ಲ. ನಿಂತು, ಗೇಲಿ ಮಾಡಿದವನನ್ನೇ ಕರೆದು, "ನಾಲಗೆ ತೋರ್ಸು. ನೋಡು, ಹೇಗೆ ಒಣಗಿದೆ. ಕುಡಿ" ಎಂದು ಅಲ್ಲೇ ಒಂದು ಲೋಟ ಬಗ್ಗಿಸಿ ಕೊಡುತ್ತಿದ್ದರು.

ಮಾತ್ರೆ ಕೊಟ್ಟು ಕಳಿಸುವ ಪದ್ಧತಿ ಅವರಲ್ಲಿರಲಿಲ್ಲ. ಎದುರಿಗೇ ನುಂಗಬೇಕು, ಎದುರಿಗೇ ಕುಡಿಯಬೇಕು. ಕುಡಿದಾದ ಮೇಲೆ ಲೋಟವನ್ನು ತಲೆಕೆಳಗು ಮಾಡಿ ನೋಡಿ, "ಇನ್ನೊಂದು ಲೋಟ" ಎನ್ನುತ್ತಿದ್ದರು. ಮಾರನೆಯ ದಿನ ಮೊದಲ ಪ್ರಶ್ನೆ ಜ್ವರದ್ದಲ್ಲ. "ಉಚ್ಚೆ ಸರಿಯಾಗಿ ಹೋಯ್ತಾ?" ಅದನ್ನು ಹತ್ತು ಜನರ ಎದುರು, ಮೇಷ್ಟರು ಮಗ್ಗಿ ಕೇಳುವ ದನಿಯಲ್ಲಿ ಕೇಳುತ್ತಿದ್ದರು. ಕುಳ್ಳು ಆಸಾಮಿ, ದಪ್ಪ ಗಾಜಿನ ಕನ್ನಡಕ, ಕೋಪ ಮೂಗಿನ ತುದಿಯಲ್ಲೇ. ಹೊಳೆನರಸೀಪುರದ ಕಡೆಯವರು, ಮದುವೆಯಾಗಿರಲಿಲ್ಲ. ಯಾಕೆಂದು ಕೇಳಿದವರಿಗೆ, "ತಾಲ್ಲೂಕಿನ ಹೆರಿಗೆಯೆಲ್ಲ ಮುಗೀಲಿ, ಆಮೇಲೆ ನೋಡೋಣ" ಎಂದು ಬಾಯಿ ಮುಚ್ಚಿಸುತ್ತಿದ್ದರು.

ಆ ಕೂಜ ನಮ್ಮ ಮನೆಯದು. ಅದು ಅವರ ಕೈಗೆ ಹೋದ ದಿನವನ್ನು ಹೇಳದೆ ಅವರ ವಿಷಯ ಹೇಳಲಾರೆ.

ನಮ್ಮದು ಅರಕಲಗೂಡಿನಿಂದ ಕೊಣನೂರಿಗೆ ಹೋಗುವ ದಾರಿಯಲ್ಲಿ, ರಸ್ತೆ ಬಿಟ್ಟು ಒಳಗಿರುವ ಹಳ್ಳಿ. ಐವತ್ತರ ದಶಕದ ಮೊದಲ ಭಾಗ. ನಾನಿನ್ನೂ ಮಿಡ್ಲ್ ಸ್ಕೂಲಿನ ಹುಡುಗಿ. ಅಕ್ಕ ಚೊಚ್ಚಲ ಹೆರಿಗೆಗೆ ಚನ್ನರಾಯಪಟ್ಟಣದ ಗಂಡನ ಮನೆಯಿಂದ ಬಂದಿದ್ದಳು. ಹೆಣ್ಣು ಮಗುವಾಯಿತು. ಮನೆಯಲ್ಲಿ ಬಾಣಂತನವೆಂದರೆ ಅಜ್ಜಿಯ ರಾಜ್ಯ. ಅಪ್ಪನನ್ನು ಹೆತ್ತವಳು, ಊರಿನ ಅರ್ಧ ಹೆಂಗಸರ ಬಾಣಂತನ ಮಾಡಿದವಳು. ಕಿಟಕಿಗೆ ಗೋಣಿತಾಟು, ಮೂಲೆಯಲ್ಲಿ ಕೆಂಡದ ಅಗ್ಗಿಷ್ಟಿಕೆ, ಅಕ್ಕನ ಕಿವಿಗೆ ಹತ್ತಿ, ತಲೆಗೆ ಬಿಗಿಯಾಗಿ ಕಟ್ಟಿದ ಬಟ್ಟೆ. ಊಟಕ್ಕೆ ಮೆಣಸಿನ ಸಾರು, ಬೆಳ್ಳುಳ್ಳಿ, ತುಪ್ಪ. ನೀರು ಮಾತ್ರ ಇಲ್ಲ. ಬಾಣಂತಿಗೆ ನೀರು ಕೊಡಬಾರದು ಎನ್ನುವುದು ನಮ್ಮಲ್ಲಿ ಚರ್ಚೆಯ ವಿಷಯವೇ ಆಗಿರಲಿಲ್ಲ. ಬಾಯಾರಿತು ಎಂದರೆ ಒಂದು ವೀಳ್ಯದೆಲೆ, ತೀರಾ ಗೋಳಾಡಿದರೆ ಓಮ ಹಾಕಿ ಕುದಿಸಿದ ನೀರು ಒಂದು ಒಳಲೆ. ಮಗುವಿಗೆ ಹಾಲು ಕುಡಿಸುವ ಒಳಲೆ ಎಷ್ಟು ಹಿಡಿಯುತ್ತದೆ, ನೀವೇ ಯೋಚಿಸಿ.

ಹೆತ್ತು ಕೆಲವೇ ದಿನಕ್ಕೆ ಅಕ್ಕನಿಗೆ ಚಳಿಜ್ವರ ಹಿಡಿಯಿತು. ಮೈ ಕೆಂಡ. ಬಾಯಿಗೆ ಬಂದದ್ದು ಬಡಬಡಿಸತೊಡಗಿದಳು, ಮಗು ಅತ್ತರೂ ತಿರುಗಿ ನೋಡಲಿಲ್ಲ. ಅಪ್ಪ ಗಾಡಿ ಕಟ್ಟಿಕೊಂಡು ಹೋಗಿ ಅರಕಲಗೂಡಿನ ಆಸ್ಪತ್ರೆಗೆ ಹೊಸದಾಗಿ ಬಂದಿದ್ದ ಡಾಕ್ಟ್ರಮ್ಮನನ್ನು ಕರೆತಂದರು. ಅವರು ನೋಡಿ, ನಂಜೇರಿದೆ ಎಂದರು. ಪೆನ್ಸಿಲಿನ್ ಇಂಜೆಕ್ಷನ್ ಆಗ ಹಾಸನದ ಆಸ್ಪತ್ರೆಗೆ ಬರುತ್ತಿತ್ತು, ಅರಕಲಗೂಡಿಗೆ ಬಂದರೂ ಬಂದಷ್ಟೇ ಬೇಗ ಮುಗಿಯುತ್ತಿತ್ತು. ಅವರ ಚೀಲದಲ್ಲಿದ್ದದ್ದು ಸಲ್ಫಾ ಮಾತ್ರೆ. ಎಷ್ಟು ಹೊತ್ತಿಗೊಮ್ಮೆ ಕೊಡಬೇಕು ಎಂದು ಹೇಳಿ, ಇನ್ನೊಂದು ಕಷ್ಟದ ಹೆರಿಗೆ ಕಾಯುತ್ತಿದೆಯೆಂದು ಗಾಡಿ ಹತ್ತುವಾಗ ಅಪ್ಪನಿಗೆ, "ನೀರು ಧಾರಾಳವಾಗಿ ಕೊಡಿ, ಒಂದು ಚಿಟಿಕೆ ಅಡುಗೆ ಸೋಡಾ ಹಾಕಿ ಕೊಡಿ, ಮರೀಬೇಡಿ" ಎಂದರು. ಅಪ್ಪ ತಲೆಯಾಡಿಸಿದರು. ಬಾಣಂತಿ ಕೋಣೆಗೆ ಗಂಡಸರು ಕಾಲಿಡುವಂತಿರಲಿಲ್ಲವಾದ್ದರಿಂದ ಅವ್ವನಿಗೆ ಹೇಳಿದರು. ಅವ್ವ ಅಜ್ಜಿಗೆ ಹೇಳಿದಳು. ಅಜ್ಜಿ "ಆಯ್ತು ಬುಡು" ಎಂದಳು. ಮಾತ್ರೆಯನ್ನು ಜೇನುತುಪ್ಪದಲ್ಲಿ ತೇದು, ಒಂದು ಹೊತ್ತೂ ತಪ್ಪದೆ, ಶ್ರದ್ಧೆಯಿಂದ ನೆಕ್ಕಿಸಿದಳು. ನೀರು ಕೊಡಲಿಲ್ಲ.

ಜ್ವರ ಇಳಿಯಿತು. ಅಕ್ಕ ಕಣ್ಣು ಬಿಟ್ಟು ಮಗುವನ್ನು ಕೇಳಿದಳು. ಅವ್ವ ದೇವರಿಗೆ ತುಪ್ಪದ ದೀಪ ಹಚ್ಚಿದಳು. ನಮ್ಮ ಸಂಭ್ರಮ ಮರುದಿನದ ಹೊತ್ತಿಗೆ ಮುಗಿದುಹೋಯಿತು. ಅಕ್ಕ ಸೊಂಟ ಹಿಡಿದುಕೊಂಡು ನರಳತೊಡಗಿದಳು. ಉಚ್ಚೆ ಕಟ್ಟಿತು. ಬಂದ ನಾಲ್ಕು ಹನಿಯೂ ಕೆಂಪಗಿತ್ತು. "ನೀರು ಕೊಡವ್ವಾ, ಒಂದ್ ಗುಟುಕು ಕೊಡವ್ವಾ, ನಿನ್ ಕಾಲಿಗ್ ಬೀಳ್ತೀನಿ" ಎಂದು ಅವ್ವನ ಸೆರಗು ಹಿಡಿದು ಎಳೆಯುತ್ತಿದ್ದಳು. ಅವ್ವ ಅಜ್ಜಿಯ ಮುಖ ನೋಡಿ, ಸೆರಗು ಬಿಡಿಸಿಕೊಂಡು ಹಿತ್ತಲಿಗೆ ಹೋಗಿ ಅಳುತ್ತಿದ್ದಳು. ಅಪ್ಪ ಮತ್ತೆ ಗಾಡಿ ಕಟ್ಟಿದರು.

ಡಾಕ್ಟ್ರಮ್ಮ ಬಂದವರೇ ಅಕ್ಕನ ನಾಲಗೆ ನೋಡಿದರು. ಅದು ಗಂಧ ತೇಯುವ ಕಲ್ಲಿನ ಹಾಗೆ ಒರಟಾಗಿತ್ತು. ಒಬ್ಬೊಬ್ಬರನ್ನೇ ನೋಡುತ್ತ ಕೇಳಿದರು, "ನೀರು ಎಷ್ಟು ಕೊಟ್ರಿ?"

ಅಜ್ಜಿಯೇ ಹೇಳಿದಳು, "ಬಾಣ್ತಿಗೆ ನೀರು ಕೊಟ್ಟಾರೇನವ್ವಾ? ಮೈಯೆಲ್ಲಾ ಊದ್ಕಂಡು ಸತ್ತೋಯ್ತಾಳೆ."

ಡಾಕ್ಟ್ರಮ್ಮ ಹೊಸ್ತಿಲ ಮೇಲೆ ಕುಸಿದು ಕೂತರು. ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡರು. ಬೈಯುತ್ತಾರೆ ಎಂದು ನಾವೆಲ್ಲ ಕಾದೆವು. ಅವರು ಬೈಯಲಿಲ್ಲ. "ಮಾತ್ರೆ ಅವಳ ಮೂತ್ರಪಿಂಡದಲ್ಲಿ ಹರಳು ಕಟ್ಟಿದೆ. ಇನ್ನೂ ಕೊಟ್ರೆ ಅದು ಮುಚ್ಚಿಹೋಗುತ್ತೆ. ನಿಲ್ಲಿಸಿದ್ರೆ ನಂಜು ಮತ್ತೆ ಏರುತ್ತೆ. ನಾನೇನು ಮಾಡ್ಲಿ ಈಗ?" ಎಂದರು. ಅದು ನಮ್ಮನ್ನು ಕೇಳಿದ ಪ್ರಶ್ನೆಯಲ್ಲ. ಡಾಕ್ಟರೊಬ್ಬರು ಏನು ಮಾಡಲಿ ಎಂದು ಕೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು. ಅಕ್ಕ ಸಾಯುತ್ತಾಳೆ ಎಂದು ಆ ಕ್ಷಣ ನಾನು ನಂಬಿಬಿಟ್ಟೆ.

ಅವರು ಎದ್ದು ನೀರಿನ ಚೊಂಬು ಕೇಳಿದರು. ಅಜ್ಜಿ ಬಾಗಿಲಿಗೆ ಅಡ್ಡ ನಿಂತಳು. "ನನ್ ಕಿರೀ ಮಗಳು ಇದೇ ಕೋಣೇಲಿ ಬಾಣ್ತಿಯಾಗಿದ್ಲು ಕಣವ್ವಾ. ಅತ್ತು ಕರೆದು ಮಾಡುದ್ಲು ಅಂತ ಯಾರ್ಗೂ ಗೊತ್ತಾಗ್ದಂಗೆ ನಾನೇ ನೀರು ಕೊಟ್ಟೆ. ಊದ್ಕಂಡು ಸತ್ತೋದ್ಲು. ನನ್ ಕೈಯಾರ ಕೊಂದೆ. ಇನ್ನೊಬ್ಳನ್ನ ಕೊಲ್ಲಾಕಿಲ್ಲ." ಆ ಮಾತನ್ನು ನಮ್ಮ ಮನೆಯಲ್ಲಿ ಯಾರೂ ಕೇಳಿರಲಿಲ್ಲ, ಅಪ್ಪ ಕೂಡ. ಪಡಸಾಲೆಯಲ್ಲಿ ನಿಂತಿದ್ದ ಅವರು ಕಂಬಕ್ಕೆ ಒರಗಿಕೊಂಡರು.

ಬೇರೆ ಯಾರಾದರೂ ಆಗಿದ್ದರೆ ಮುದುಕಿಯನ್ನು ತಳ್ಳಿಕೊಂಡು ಒಳಗೆ ಹೋಗುತ್ತಿದ್ದರೇನೋ. ಡಾಕ್ಟ್ರಮ್ಮನಿಗೆ ಗೊತ್ತಿತ್ತು, ಇವತ್ತು ತಳ್ಳಿ ಕುಡಿಸಿದರೂ ಅವರು ಗಾಡಿ ಹತ್ತಿದ ಮೇಲೆ ಈ ಮನೆಯಲ್ಲಿ ನೀರು ನಿಲ್ಲುತ್ತದೆ ಎಂದು. ಅವರು ಅಜ್ಜಿಯ ಕೈ ಹಿಡಿದು ಹೊಸ್ತಿಲ ಮೇಲೆ ಪಕ್ಕದಲ್ಲೇ ಕೂರಿಸಿಕೊಂಡರು. ಒಳಗೆ ಅಕ್ಕ ನರಳುತ್ತಿದ್ದಳು. ಆ ನರಳಾಟದ ನಡುವೆಯೇ, ಅವಸರದಲ್ಲಿ ಅವರು ಹೇಳಿದ ಪಾಠವನ್ನು ನಾನು ಮುಂದೆ ಯಾವ ಕಾಲೇಜಿನಲ್ಲೂ ಅಷ್ಟು ಚೆನ್ನಾಗಿ ಕೇಳಲಿಲ್ಲ.

"ಅಜ್ಜಿ, ಇವಳ ಮೈಯಲ್ಲಿ ಕ್ರಿಮಿ ಸೇರಿದೆ. ಒಂದು ಎರಡಾಗುತ್ತೆ, ಎರಡು ನಾಲ್ಕಾಗುತ್ತೆ. ಹಾಗೆ ಮರಿ ಹಾಕಬೇಕಾದ್ರೆ ಅದಕ್ಕೊಂದು ಪದಾರ್ಥ ಬೇಕು. ನಮಗೆ ಅದು ಸೊಪ್ಪಿನ ಸಾರಲ್ಲೇ ಸಿಗುತ್ತೆ. ಕ್ರಿಮಿಗೆ ಹಾಗೆ ಹೊರಗಿಂದ ತಿನ್ನೋಕೆ ಬರಲ್ಲ, ತನ್ನೊಳಗೇ ಬೇಯಿಸ್ಕೋಬೇಕು. ಬೇಯಿಸೋಕೆ ಅದರ ಹತ್ರ ಒಬ್ಬ ಅಡುಗೆಯವನಿದ್ದಾನೆ. ಕಿಣ್ವ ಅಂತಾರೆ ಅವನಿಗೆ. ಅವನನ್ನ ಕಣ್ಣಿಂದ ಕಂಡವರಿಲ್ಲ, ಆದ್ರೆ ಇದ್ದಾನೆ. ಅವನು ಕುರುಡ. ಅಕ್ಕೀನ ಕೈಯಲ್ಲಿ ತಡವಿ ನೋಡಿ ಒಲೆ ಮೇಲೆ ಹಾಕ್ತಾನೆ."

"ಊಂ" ಎಂದಳು ಅಜ್ಜಿ.

"ನಾನು ಕೊಟ್ಟ ಮಾತ್ರೆ ಬೆಣಚುಕಲ್ಲು. ತಡವಿದ್ರೆ ಥೇಟ್ ಅಕ್ಕಿ ಹಾಗೇ. ಕುರುಡ ಅದನ್ನೇ ಒಲೆ ಮೇಲಿಟ್ಟು ಕಾಯ್ತಾ ಕೂರ್ತಾನೆ. ಕಲ್ಲು ಬೇಯಲ್ಲ. ಕ್ರಿಮಿ ಸಾಯೋದಿಲ್ಲ, ಆದ್ರೆ ಮರಿ ಹಾಕೋದು ನಿಲ್ಲುತ್ತೆ. ಅಷ್ಟರಲ್ಲಿ ಇವಳ ಮೈಯೇ ಇರೋ ಕ್ರಿಮೀನ ಕೊಂದ್ಕೊಳ್ಳುತ್ತೆ. ಜ್ವರ ಇಳೀತಲ್ಲ, ಅದು ಹೀಗೇ ಇಳಿದದ್ದು."

ಅಜ್ಜಿ ಕೇಳಿದಳು, "ನನ್ ಮೊಮ್ಮಗಳ ಅಡುಗೆಯವ್ನೂ ಮೋಸ ಓಗಾಕಿಲ್ವಾ?"

"ನಮ್ಮ ಮೈಯಲ್ಲಿ ಆ ಅಡುಗೆಯವನೇ ಇಲ್ಲ ಅಜ್ಜಿ. ಅದೇ ನಮ್ಮ ಪುಣ್ಯ."

ಅಕ್ಕಿ ಆರಿಸಿ ಆರಿಸಿ ಕಣ್ಣು ಸವೆಸಿಕೊಂಡಿದ್ದ ಹೆಂಗಸು ಅವಳು. ಕೇಳಬೇಕಾದ್ದನ್ನೇ ಕೇಳಿದಳು. "ಅಂಗಾರೆ ಆ ಬೇಯ್ದೆ ಉಳಿದ್ ಕಲ್ಲೆಲ್ಲಾ ಎಲ್ಲಿಗೋಯ್ತವೆ?"

ಡಾಕ್ಟ್ರಮ್ಮ ಅವಳ ಮುಖವನ್ನೇ ನೋಡಿದರು. ಕನ್ನಡಕದೊಳಗೆ ಕಣ್ಣು ತುಂಬಿಕೊಂಡವು. "ಉಚ್ಚೇಲಿ ಹೋಗ್ಬೇಕು. ನೀರಿಲ್ದೆ ಅಲ್ಲೇ ಕೂತಿವೆ. ಅವೇ ಅವಳನ್ನ ಕೊಲ್ತಿರೋದು."

ಅಜ್ಜಿ ಎದ್ದಳು. ನಾಗಂದಿಗೆಯ ಮೇಲಿದ್ದ ಹಿತ್ತಾಳೆ ಕೂಜ ತೆಗೆದಳು. ಅದು ಕಿರಿಯ ಮಗಳ ಮದುವೆಗೆಂದು ಮಾಡಿಸಿದ್ದು, ಅವಳು ಸತ್ತ ಮೇಲೆ ಗಂಡನ ಮನೆಯಿಂದ ವಾಪಸು ಬಂದದ್ದು, ಮತ್ತೆ ಯಾರೂ ಮುಟ್ಟಿರಲಿಲ್ಲ. ಹುಣಸೆಹಣ್ಣು ಹಾಕಿ ತಿಕ್ಕಿ, ಕಾಯಿಸಿ ಆರಿಸಿದ ನೀರು ತುಂಬಿಕೊಂಡು ಕೋಣೆಗೆ ಹೋಗಿ ಅಕ್ಕನ ತಲೆ ಎತ್ತಿ ತೊಡೆಯ ಮೇಲಿಟ್ಟುಕೊಂಡಳು. "ಕುಡಿ ಮಗಾ. ಸಾಯ್ಬ್ಯಾಡ ಕಣವ್ವಾ. ನಿನ್ ಕಾಲ್ ಇಡ್ಕತೀನಿ, ಸಾಯ್ಬ್ಯಾಡ."

ಕುಡಿದದ್ದೆಲ್ಲ ವಾಂತಿಯಾಯಿತು. ಮತ್ತೆ ಕುಡಿಸಿದರು. ಅದೂ ಹೊರಬಂತು. ಡಾಕ್ಟ್ರಮ್ಮ ಸೋಡಾ ಕದಡಿದ ನೀರನ್ನು ಗುಟುಕು ಗುಟುಕಾಗಿ ಕೊಡುತ್ತ, ತೊಡೆಗೆ ಚುಚ್ಚಿದ ಸೂಜಿಯಿಂದ ಉಪ್ಪುನೀರು ಇಳಿಸುತ್ತ ಕೂತರು. ಅವರನ್ನು ವಾಪಸು ಬಿಟ್ಟುಬರಬೇಕಿದ್ದ ನಮ್ಮ ಗಾಡಿಯ ಆಳು ಎರಡು ಸಲ ಪಡಸಾಲೆಗೆ ಬಂದು ಇಣುಕಿ ಹೋದ. ಮಧ್ಯಾಹ್ನವೆಲ್ಲ ಒಂದು ಹನಿಯೂ ಬರಲಿಲ್ಲ. ಅಜ್ಜಿ ಗೋಡೆಗೆ ಹಣೆ ಹಚ್ಚಿ, "ಊದ್ಕತಾಳೆ, ಊದ್ಕತಾಳೆ" ಎಂದು ಗೊಣಗುತ್ತಲೇ ಇದ್ದಳು; ಆದರೆ ಡಾಕ್ಟ್ರಮ್ಮ ಕೈಚಾಚಿದಾಗಲೆಲ್ಲ ಕೂಜ ತುಂಬಿ ಕೊಡುತ್ತಿದ್ದಳು.

ದನ ಕೊಟ್ಟಿಗೆಗೆ ಬರುವ ಹೊತ್ತಿಗೆ ಅಕ್ಕನಿಗೆ ಉಚ್ಚೆ ಬಂತು. ಮೊದಲು ಕೆಂಪಗೆ, ಆಮೇಲೆ ಮಣ್ಣು ಬಣ್ಣ, ಆಮೇಲೆ ತಿಳಿ. ಡಾಕ್ಟ್ರಮ್ಮ ಬೋಗುಣಿಯನ್ನು ಬಾಗಿಲ ಬೆಳಕಿಗೆ ಹಿಡಿದು ತಳದಲ್ಲಿ ಮಿನುಗುವ ಮರಳಿನಂಥದ್ದನ್ನು ಅಜ್ಜಿಗೆ ತೋರಿಸಿದರು. ಅಜ್ಜಿ ಬಗ್ಗಿ ನೋಡಿದಳು. "ಬೆಣಚುಕಲ್ಲು" ಎಂದಳು. ಆಮೇಲೆ ನೆಲಕ್ಕೆ ಕೂತು, ಕಿರಿಯ ಮಗಳ ಹೆಸರು ಹೇಳಿ ಹೇಳಿ ಅತ್ತಳು. ಡಾಕ್ಟ್ರಮ್ಮ ಬೋಗುಣಿ ಪಕ್ಕಕ್ಕಿಟ್ಟು ಅವಳ ಬೆನ್ನು ಸವರಿದರು. "ನಿಮ್ಮ ಮಗಳು ಊದ್ಕೊಂಡಿದ್ದು ನೀವು ಕೊಟ್ಟ ನೀರಿಂದ ಅಲ್ಲ ಅಜ್ಜಿ. ಅವಳಿಗೂ ನಂಜೇ ಆಗಿತ್ತು. ಅದಕ್ಕೆ ಆಗ ಮಾತ್ರೇನೇ ಇರ್ಲಿಲ್ಲ." ನಿಜಕ್ಕೂ ಅದೇ ಆಗಿತ್ತೋ, ಮುದುಕಿಯ ಸಮಾಧಾನಕ್ಕೆ ಹೇಳಿದ್ದೋ, ನಾನು ಕೊನೆಯವರೆಗೂ ಅವರನ್ನು ಕೇಳಲಿಲ್ಲ.

ಮಾತ್ರೆ ಮತ್ತೆ ಶುರುವಾಯಿತು, ನೀರಿನ ಜೊತೆ. ಅಕ್ಕ ಬದುಕಿದಳು. ಕೊನೆಯ ಸಲ ಡಾಕ್ಟ್ರಮ್ಮ ಗಾಡಿ ಹತ್ತುವಾಗ ಅಜ್ಜಿ ಕೂಜವನ್ನು ಅವರ ತೊಡೆಯ ಮೇಲಿಟ್ಟಳು. "ಇನ್ನೊಂದ್ ಮನೇಲಿ ನನ್ನಂತೋಳೇ ಒಬ್ಳು ಬಾಗ್ಲಿಗೆ ಅಡ್ಡ ನಿಂತಿರ್ತಾಳೆ ಕಣವ್ವಾ. ಯೋಳ್ಬುಟ್ಟು ಬರ್ಬ್ಯಾಡ. ನೀನೇ ಕುಡಿಸ್ಬುಟ್ಟು ಬಾ."

ಅವರು ಆ ಮಾತನ್ನು ಅಕ್ಷರಶಃ ಪಾಲಿಸಿದರು. ಅಂಗೈಯ ಗೆರೆ ಹಾಗೆ ಬಂದದ್ದು.

ನಾನು ಓದಬೇಕೆಂದು ಅಪ್ಪನೊಡನೆ ಜಗಳವಾಡಿದವರು ಅವರೇ. ಹಾಸನದ ಕಾಲೇಜಿನಲ್ಲಿ ವಿಜ್ಞಾನ ಓದುತ್ತಿದ್ದಾಗ ರಜೆಗೆ ಬಂದರೆ ಅರಕಲಗೂಡಿನ ಅವರ ಕ್ವಾರ್ಟರ್ಸಿಗೇ ಮೊದಲು ಹೋಗುತ್ತಿದ್ದೆ. "ಅವತ್ತು ಹೇಳಿದ ಅಡುಗೆ ಇದೇ ಕಣೆ" ಎಂದು ಪುಸ್ತಕದಲ್ಲಿ ಬೆರಳಿಟ್ಟು ತೋರಿಸಿದ್ದರು. ಬ್ಯಾಕ್ಟೀರಿಯಾಕ್ಕೆ ತನ್ನ ಡಿಎನ್‌ಎ ಕಟ್ಟಿಕೊಳ್ಳಲು ಇಟ್ಟಿಗೆ ಬೇಕು, ಆ ಇಟ್ಟಿಗೆ ಮಾಡಲು ಫೋಲಿಕ್ ಆಮ್ಲದ ಜಾತಿಯ ಪದಾರ್ಥ ಬೇಕು, ಅದನ್ನು ತಯಾರಿಸುವುದು ಆ ಕಿಣ್ವ. "ಅದು ನಿಂತ್ರೆ ಬ್ಯಾಕ್ಟೀರಿಯಾದ ವಂಶವೇ ನಿಂತಿತು. ಇಷ್ಟು ಚಿಕ್ಕ ಅಡುಗೆಯವನ ಕುರುಡುತನದ ಮೇಲೆ ಎಷ್ಟು ಬಾಣಂತಿಯರ ಜೀವ ನಿಂತಿದೆ ನೋಡು" ಎಂದರು. ಆಗ ಅವರ ಮುಖದಲ್ಲಿ ಹೆಮ್ಮೆಯಿತ್ತು.

ಅರವತ್ತರ ದಶಕ ಬಂದಂತೆ ಆ ಹೆಮ್ಮೆ ಹೋಯಿತು. ಸಲ್ಫಾ ಮಾತ್ರೆ ಅಷ್ಟರಲ್ಲಿ ಶೆಟ್ಟರ ಅಂಗಡಿಯಲ್ಲಿ ಬೆಲ್ಲದ ಡಬ್ಬದ ಪಕ್ಕದಲ್ಲೇ ಸಿಗುತ್ತಿತ್ತು. ಹೊಟ್ಟೆ ನೋವಿಗೆ ಒಂದು, ನೆಗಡಿಗೆ ಅರ್ಧ. ಡಾಕ್ಟ್ರಮ್ಮ ಅಂಗಡಿ ಅಂಗಡಿಗೆ ಹೋಗಿ ರೇಗಾಡಿದರು. ಒಂದು ಮಳೆಗಾಲ ಕಟ್ಟಾಯದ ಕಡೆಯಿಂದ ನೆಂಟರ ಮನೆಗೆ ಬಂದಿದ್ದ ಮಕ್ಕಳಿಗೆ ರಕ್ತಭೇದಿ ಹತ್ತಿತು. ನಾನೂ ಅವತ್ತು ಆಸ್ಪತ್ರೆಯ ವರಾಂಡದಲ್ಲಿದ್ದೆ. ಮಾತ್ರೆ ಕೊಟ್ಟರು, ಕೂಜ ಕೂಜ ನೀರು ಕುಡಿಸಿದರು. ಮುಂಚೆಯಾಗಿದ್ದರೆ ಮಾರನೆಯ ದಿನಕ್ಕೆ ಎದ್ದು ಕೂರಬೇಕಾಗಿದ್ದ ಮಕ್ಕಳು ಏಳಲಿಲ್ಲ. ಹಾಸನದಿಂದ ಬೇರೆ ಔಷಧ ಬರುವ ಮೊದಲೇ ಒಂದು ಮಗು ಅವರ ಮಡಿಲಲ್ಲೇ ತಣ್ಣಗಾಯಿತು. ಅವರು ಬಹಳ ಹೊತ್ತು ಮಗುವನ್ನು ಕೆಳಗಿಡಲಿಲ್ಲ.

"ಅಡುಗೆಯವನಿಗೆ ಕಣ್ಣು ಬಂತು ಕಣೆ" ಎಂದರು. "ಕಲ್ಲು ಯಾವುದು, ಅಕ್ಕಿ ಯಾವುದು ಗೊತ್ತು ಮಾಡ್ಕೊಂಡ. ನಾವೇ ಅರ್ಧ ಅರ್ಧ ಮಾತ್ರೆ ಕೊಟ್ಟು ಅವನಿಗೆ ಕಲಿಸಿದ್ವಿ." ಅವರ ಬಾಯಲ್ಲಿ ಅಷ್ಟು ಸೋತ ದನಿಯನ್ನು ನಾನು ಅದುವರೆಗೆ ಕೇಳಿರಲಿಲ್ಲ. ಮರುದಿನ ಬೆಳಗ್ಗೆ ಮತ್ತೆ ಕೂಜ ಹಿಡಿದು ಹೊರಟರು, ನಿಜ. ಆದರೆ ಅವತ್ತಿನಿಂದ ಯಾರಿಗೂ "ಹೆದರ್ಬೇಡಿ" ಎಂದು ಹೇಳುವುದನ್ನು ಬಿಟ್ಟುಬಿಟ್ಟರು.

ಅರವತ್ತರ ದಶಕ ಮುಗಿಯುವ ಹೊತ್ತಿಗೆ ಕೆಟ್ಟದ್ದು ಅವರದೇ ಮೂತ್ರಪಿಂಡ. ರಕ್ತದೊತ್ತಡವನ್ನು ವರ್ಷಗಟ್ಟಲೆ ಅಲಕ್ಷ್ಯ ಮಾಡಿದ್ದರು. ಮುಖ ಕಾಲು ಊದಿಕೊಂಡವು. ಹಾಸನದ ಆಸ್ಪತ್ರೆಗೆ ಸೇರಿಸಿದೆವು. ನಾನಾಗ ಚನ್ನರಾಯಪಟ್ಟಣದ ಹೈಸ್ಕೂಲಿನಲ್ಲಿ ವಿಜ್ಞಾನದ ಟೀಚರ್. ಅಕ್ಕನೂ ನಾನೂ ಸರದಿಯ ಮೇಲೆ ಹೋಗಿ ನೋಡಿಕೊಳ್ಳುತ್ತಿದ್ದೆವು. ಅಜ್ಜಿ ಆಗಲೇ ತೀರಿಹೋಗಿದ್ದಳು. ಅಲ್ಲಿನ ಡಾಕ್ಟರು ನಮ್ಮನ್ನು ಹೊರಗೆ ಕರೆದು, ಉಚ್ಚೆ ನಿಂತುಹೋಗುತ್ತಿದೆ, ನೀರು ಮೈಯಲ್ಲೇ ಉಳಿಯುತ್ತಿದೆ, ದಿನಕ್ಕೆ ಒಂದು ಸಣ್ಣ ಲೋಟದ ಮೇಲೆ ಕೊಡಬೇಡಿ ಎಂದರು. ಡಾಕ್ಟ್ರಮ್ಮನಿಗೆ ಅದನ್ನು ಯಾರೂ ಹೇಳಬೇಕಾಗಿರಲಿಲ್ಲ. ನನ್ನ ಮುಖ ನೋಡಿ ನಕ್ಕರು. "ನಿಮ್ಮಜ್ಜಿ ಗೆದ್ದರು ಕಣೆ. ನನಗೂ ನೀರಿಲ್ಲ."

ಅವರು ತೀರಿಕೊಳ್ಳುವ ಹಿಂದಿನ ದಿನದ ಮಧ್ಯಾಹ್ನ. ಕೂಜ ಮಂಚದ ಪಕ್ಕದ ಸ್ಟೂಲಿನ ಮೇಲೆ ಖಾಲಿಯಿತ್ತು. ಅವರ ತುಟಿ ಬಿರಿದಿತ್ತು, ನಾಲಗೆ ಒರಟಾಗಿತ್ತು. ಕಣ್ಣು ಮುಚ್ಚಿಕೊಂಡೇ ಅಕ್ಕನಿಗೆ ಹೇಳಿದರು, "ನೀರು ಕೊಡೆ."

ಅಕ್ಕ ನನ್ನತ್ತ ನೋಡಿದಳು. ನಾನು ತಲೆಯಾಡಿಸಿದೆ, ಬೇಡ ಎಂದು. ಡಾಕ್ಟ್ರಮ್ಮ ಕಣ್ಣು ಬಿಟ್ಟರು. "ಕೊಡ್ಬೇಡ. ಸುಮ್ನೆ ಕೇಳ್ದೆ. ಅವತ್ತು ನೀನು ಕೇಳಿದ್ದು ಹೇಗಿತ್ತು ಅಂತ ನನಗೆ ಇಲ್ಲೀತನಕ ಗೊತ್ತಿರ್ಲಿಲ್ಲ."

ಅಕ್ಕ ಕೂಜ ಎತ್ತಿಕೊಂಡು ಹೊರಗೆ ನಡೆದಳು. ನಾನು ಹಿಂದೆಯೇ ಓಡಿ ವರಾಂಡದಲ್ಲಿ ಅವಳ ತೋಳು ಹಿಡಿದೆ. "ಅಕ್ಕಾ, ಕೊಡ್ಬೇಡಿ ಅಂದಿದ್ದಾರೆ."

"ನಂಗೂ ಕೊಡ್ಬ್ಯಾಡಿ ಅಂದಿದ್ರು" ಎಂದಳು ಅಕ್ಕ.

ನೇರ ಡಾಕ್ಟರ ಕೋಣೆಗೆ ಹೋಗಿ, ಕೂಜವನ್ನು ಅವರ ಮೇಜಿನ ಮೇಲಿಟ್ಟು, "ಸಾ, ನೀರು ಕೊಡ್ದೇ ಇದ್ರೆ ಅವ್ರು ಉಳೀತಾರಾ? ನಿಜ ಯೋಳಿ" ಎಂದು ಕೇಳಿದಳು. ಅವರು ಇಲ್ಲ ಎಂದು ತಲೆಯಾಡಿಸಿದರು. ಆಮೇಲೆ ತಾವೇ ಎದ್ದು ಕುಡಿಯುವ ನೀರಿನ ಮಡಕೆ ಎಲ್ಲಿದೆ ಎಂದು ತೋರಿಸಿದರು.

ಅಕ್ಕ ಮಂಚದ ಮೇಲೆ ಕೂತು, ಅವರ ತಲೆಯನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡಳು, ಅಜ್ಜಿ ಅವತ್ತು ಇಟ್ಟುಕೊಂಡ ಹಾಗೆಯೇ. ಡಾಕ್ಟ್ರಮ್ಮ ಮೊದಲು ಬೇಡವೆಂದರು. ಲೋಟ ತುಟಿಗೆ ತಾಗಿದ ಮೇಲೆ ಎರಡೂ ಕೈಯಲ್ಲಿ ಅದನ್ನು ಹಿಡಿದುಕೊಂಡರು. ಗಂಟಲಿನ ಸದ್ದು ಇಡೀ ವಾರ್ಡಿಗೆ ಕೇಳಿಸಿತು. ಕುಡಿದಾದ ಮೇಲೆ ಅಕ್ಕ ಲೋಟವನ್ನು ತಲೆಕೆಳಗು ಮಾಡಿ ನೋಡಿದಳು. ಅಳುತ್ತಲೇ, ಅವರದೇ ಗದರುವ ದನಿಯಲ್ಲಿ, "ಇನ್ನೊಂದು ಲೋಟ" ಎಂದಳು.

ಡಾಕ್ಟ್ರಮ್ಮ ಅದನ್ನೂ ಪೂರ್ತಿ ಕುಡಿದರು.